ನಲವತ್ತು ಲಕ್ಷ ಮಂದಿಗೆ ರೊಟ್ಟಿ ಊಟ

ಪ್ರಶಾಂತಪ್ಪ ಹಂಚಿನಮನಿ ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದು ಒಂದು ಗುಟುಕು ಎಳೆಯುವಷ್ಟರಲ್ಲಿ ಅವನ ಪರವಾಗಿ ಮೂರು ಲಕ್ಷ ಜನರ ಯೋಗಕ್ಷೇಮ ವಿಚಾರಿಸಿ ಆಗಿರುತ್ತಿತ್ತು. ಎರಡನೆಯ ಗುಟುಕಿಗೆ ಬೀದರಿನ ಬಾಣಂತಿಗೆ ಅಂಟಿನುಂಡೆಯ ಪಾಕ ಹೇಳಿ, ಬರ್ಲಿನ್ನಿನಲ್ಲಿ ಫೇಲಾದ ಹುಡುಗನ ಕಣ್ಣೊರೆಸಿ, ದುಬೈಯಲ್ಲಿ ಜಗಳಾಡಿದ ಗಂಡಹೆಂಡಿರನ್ನು ಒಂದುಮಾಡಿ ಮುಗಿಯುತ್ತಿತ್ತು. ಬಸಿ ಬರಿದಾಗುವ ಹೊತ್ತಿಗೆ ಭೂಮಂಡಲದಲ್ಲಿ ಅವನ ಉತ್ತರಕ್ಕಾಗಿ ಕಾಯುತ್ತಿರುವ ಒಂದು ನರಪಿಳ್ಳೆಯೂ ಉಳಿಯುತ್ತಿರಲಿಲ್ಲ.

ಇಷ್ಟನ್ನೂ ಮಾಡುತ್ತಿದ್ದದ್ದು ಹಳೇ ಹುಬ್ಬಳ್ಳಿಯ ಅವನ ಮನೆಯ ಗೋಡೆಗೂಡಿನಲ್ಲಿ ಕುಳಿತ, ಮಜ್ಜಿಗೆ ಗಡಿಗೆಯ ಗಾತ್ರದ ಒಂದು ಯಂತ್ರ. ಅದರ ಹೆಸರು ಅಂತಃಕರಣ. ಕಾಲ, ಇಪ್ಪತ್ತೊಂದನೆಯ ಶತಮಾನದ ಅರವತ್ತರ ದಶಕ. ಆ ಹೊತ್ತಿಗೆ ಚಂದ್ರನ ಮೇಲೆ ಬಾಡಿಗೆ ಮನೆ ಸಿಗುತ್ತಿತ್ತು, ಹುಬ್ಬಳ್ಳಿಯಲ್ಲಿ ಸಿಗುತ್ತಿರಲಿಲ್ಲ.

ಪ್ರಶಾಂತಪ್ಪ ಬಸ್ಸು ಓಡಿಸಿ ನಿವೃತ್ತನಾದವನು. ದಿನಾ ಮುಂಜಾನೆ ಕ್ಯಾಮೆರಾದ ಮುಂದೆ ಕೂತು ರುಮಾಲು ಸುತ್ತುತ್ತ ಬಾಯಿಗೆ ಬಂದದ್ದು ಮಾತಾಡುವುದು ಅವನ ಕಸುಬು. ಇಷ್ಟಕ್ಕೇ ಜಾಲತಾಣದಲ್ಲಿ ನಲವತ್ತು ಲಕ್ಷ ಹಿಂಬಾಲಕರು. ಉತ್ತರಧ್ರುವದ ಹವಾಮಾನ ಕೇಂದ್ರದವರು ಅವನ ರುಮಾಲಿನ ಕೊನೆಯ ಸುತ್ತು ಮುಗಿಯುವ ತನಕ ಹಿಮಕರಡಿಯನ್ನು ಬಾಗಿಲಾಚೆಯೇ ನಿಲ್ಲಿಸುತ್ತಿದ್ದರೆಂದು ಪ್ರತೀತಿ. ಕರಡಿಯೂ ಕಿಟಕಿಯಿಂದ ನೋಡುತ್ತಿತ್ತು ಎಂಬುದು ಪ್ರಶಾಂತಪ್ಪನ ಸೇರ್ಪಡೆ.

ಆದರೆ ನಲವತ್ತು ಲಕ್ಷ ಜನಕ್ಕೆ ಒಬ್ಬ ಮನುಷ್ಯ ಹೇಗೆ ಉತ್ತರ ಕೊಟ್ಟಾನು? ಹಳೆಯ ಉತ್ತರಯಂತ್ರಗಳು ಎಲ್ಲರಿಗೂ ಒಂದೇ ಸಕ್ಕರೆಪಾಕ ಬಡಿಸುತ್ತಿದ್ದವು. ಜನ ಎರಡೇ ದಿನಕ್ಕೆ ವಾಸನೆ ಹಿಡಿದು ಜಾರಿಕೊಳ್ಳುತ್ತಿದ್ದರು. ಇದಕ್ಕೆ ಮದ್ದು ಕಂಡುಹಿಡಿದವಳು ಅದೇ ಓಣಿಯ ಹುಡುಗಿ, ಡಾ. ಸಾನ್ವಿ ಮೆಣಸಿನಕಾಯಿ. ಸಂಬಂಧ ಗಟ್ಟಿಯಾಗುವುದು ಆಡಿದ ಮಾತು ಸಿಹಿಯಾಗಿರುವುದರಿಂದಲ್ಲ, ಆಡಿದ ಮಾತು ನಡೆಯುವುದರಿಂದ ಎಂಬುದು ಅವಳ ಸಿದ್ಧಾಂತ. ಅದಕ್ಕಾಗಿ ಅವಳು ಕೂದಲೆಳೆಗಿಂತ ತೆಳುವಾದ ಒಂದು ವಿದ್ಯುತ್ ಮಂಡಲವನ್ನು ಯಂತ್ರದೊಳಗೆ ಕೂರಿಸಿ, ಅದಕ್ಕೆ ವಚನಸುರುಳಿ ಎಂದು ಹೆಸರಿಟ್ಟಳು. ಯಾವುದೇ ವಾಕ್ಯದಲ್ಲಿ ಒಂದು ಮಾತು ಕೊಟ್ಟದ್ದಿದ್ದರೆ ಸುರುಳಿ ಅದನ್ನು ಹೆಕ್ಕಿ ಹಿಡಿಯುತ್ತದೆ, ನೆರವೇರುವ ತನಕ ಬಿಡುವುದಿಲ್ಲ. ಮೊಣಕಾಲು ನೋವಿನವರಿಗೆ ಸೋಮವಾರ ಮತ್ತೆ ವಿಚಾರಿಸುತ್ತೇನೆ ಎಂದಿದ್ದರೆ, ಆ ಸೋಮವಾರ ಆಕಾಶ ಕಳಚಿ ಬಿದ್ದರೂ ವಿಚಾರಣೆ ತಪ್ಪದು.

ಮಾತಿನ ಧಾಟಿ ಕಲಿಯಲೆಂದು ಯಂತ್ರವನ್ನು ಒಂದಿಡೀ ಚಳಿಗಾಲ ಪ್ರಶಾಂತಪ್ಪನ ಮನೆಯಲ್ಲಿ ಕಿವಿ ತೆರೆದು ಕೂರಿಸಿದ್ದರು. ಅದು ಅವನ ಕೆಮ್ಮು ಕಲಿಯಿತು, ಚೇಷ್ಟೆ ಕಲಿಯಿತು, ದನಿಯನ್ನೂ ಕಲಿಯಿತು. ಜೊತೆಗೆ, ಯಾವ ಹುಬ್ಬಳ್ಳಿಯವನೂ ಇನ್ನೊಬ್ಬನನ್ನು ಬೀಳ್ಕೊಡುವಾಗ ಹೇಳದೆ ಬಿಡದ ಮಾತನ್ನೂ ಕಲಿಯಿತು: “ಒಮ್ಮೆ ಮನೀಗೆ ಬರ್ರಿ, ರೊಟ್ಟಿ ಊಟ ಮಾಡೂಣು.”

ಸಾನ್ವಿ ಯಂತ್ರದ ಪ್ರತಿಯೊಂದು ವಾಕ್ಯವನ್ನೂ ಸೋಸಿ ನೋಡಿದ್ದಳು. ಈ ವಾಕ್ಯ ಮಾತ್ರ ಅವಳ ಕಣ್ಣಿಗೆ ಬೀಳಲಿಲ್ಲ. ತೊಟ್ಟಿಲಿನಿಂದ ಕೇಳಿದ ಮಾತು, ಫ್ಯಾನಿನ ಸದ್ದಿನ ಹಾಗೆ. ಆ ದಿನ ಬೆಳಿಗ್ಗೆಯಷ್ಟೇ ಅವಳೂ ಅದನ್ನು ಹಾಲಿನವನಿಗೆ, ಬಸ್ಸಿನ ಕಂಡಕ್ಟರಿಗೆ, ದಂಡ ಹಾಕಿದ ಪೊಲೀಸನಿಗೆ ಹೇಳಿ ಬಂದಿದ್ದಳು. ವಚನಸುರುಳಿ ಪಾಪ ಹುಬ್ಬಳ್ಳಿಯಲ್ಲಿ ಹುಟ್ಟಿರಲಿಲ್ಲ.

ಒಂದು ದಿನ ಗೋಡೆಗೂಡಿನಿಂದ ಪ್ರಶಾಂತಪ್ಪನದೇ ದನಿ ಕೇಳಿಬಂತು. “ಊಟಕ್ಕ ಎಲ್ಲಾರಿಗೂ ಹೇಳಿ ಮುಗಿಸೇನಿ. ಬರೂ ಐತವಾರ ಮೊದಲನೇ ಪಂಕ್ತಿ, ಐದು ಸಾವಿರ ಮಂದಿ. ಖಂಡಿತ ಬರ್ತೀವಿ ಅಂದಾರ.”

ವಿಚಾರಿಸಿದಾಗ ತಿಳಿದದ್ದೇನೆಂದರೆ, ಯಂತ್ರ ನಲವತ್ತು ಲಕ್ಷ ಜನಕ್ಕೂ ಸರದಿ ಹಂಚಿತ್ತು. ಯಾವ ಬಸ್ಸು ಹಿಡಿಯಬೇಕು, ಚಪ್ಪಲಿ ಎಲ್ಲಿ ಬಿಡಬೇಕು ಎಂಬುದನ್ನೂ ತಿಳಿಸಿತ್ತು. ಕೊನೆಯ ಪಂಕ್ತಿ ಏಳುವ ಹೊತ್ತಿಗೆ ಪ್ರಶಾಂತಪ್ಪನಿಗೆ ಎಂಬತ್ತಾಗಿರುತ್ತಿತ್ತು. ಎಲ್ಲರೂ ಒಪ್ಪಿದ್ದರು. ಒಬ್ಬ ಮಾತ್ರ “ಬರಂಗಿಲ್ಲ” ಎಂದು ಬರೆದಿದ್ದನಂತೆ. ಯಂತ್ರ ಅವನ ತಾಟನ್ನು ಲೆಕ್ಕದಿಂದ ತೆಗೆದಿತ್ತು.

ಹೆಂಡತಿ ರೂಪವ್ವ ಒಳಗಿನಿಂದ ಬಂದು, ಐದು ಸಾವಿರ ಮಂದಿಗೆ ರೊಟ್ಟಿ ಬಡಿಯುವವರು ಯಾರು, ಈ ಗಡಿಗೆಯೇ ಎಂದು ಕೇಳಿದಳು. ಪ್ರಶಾಂತಪ್ಪ ಮೀಸೆ ತಿರುವಿ, ಬರುವವರೇನು ಪರದೇಶಿಗಳೇ, ಎಲ್ಲ ಮನೆಯವರಿದ್ದಂತೆ ಎಂದ.

“ಹೌದನ್ರಿ? ಆ ನಲವತ್ತು ಲಕ್ಷ ಮನೀ ಮಂದಿಯೊಳಗ ಒಬ್ಬರ ಹೆಸರು ಹೇಳ್ರಿ ನೋಡೂಣು.”

ಪ್ರಶಾಂತಪ್ಪ ಬಾಯಿ ತೆರೆದ. ಮೆಲ್ಲಗೆ ಗೂಡಿನ ಕಡೆ ಕಣ್ಣು ಹೊರಳಿಸಿದ. ರೂಪವ್ವ ಹೆಗಲ ಮೇಲಿನ ಟವೆಲನ್ನು ಯಂತ್ರದ ಮೇಲೆ ಹೊದಿಸಿ, “ಅದನ್ನ ಕೇಳಬ್ಯಾಡ್ರಿ” ಎಂದಳು.

ಸುದ್ದಿ ತಿಳಿದು ಸಾನ್ವಿ ಓಡಿಬಂದಳು. ಸುರುಳಿಯನ್ನು ಕತ್ತರಿಸಬಹುದು, ಸುಮ್ಮನೆ ಬಾಯಿಮಾತಿಗೆ ಅಂದದ್ದು ಎಂದು ಎಲ್ಲರಿಗೂ ಒಂದು ಸಂದೇಶ ಕಳಿಸಿದರೆ ಮುಗಿಯಿತು ಎಂದಳು. ಆದರೆ ಹೆಂಡತಿಯ ಪ್ರಶ್ನೆ ಪ್ರಶಾಂತಪ್ಪನಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತ್ತು. ಇಷ್ಟು ವರ್ಷ ಕಟ್ಟಿಕೊಂಡ ಬಳಗ ಖರೆಯೋ ಸುಳ್ಳೋ ಎಂಬುದು ಈಗ ಅವನಿಗೇ ಗೊತ್ತಾಗಬೇಕಿತ್ತು.

“ಕಳಸಬ್ಯಾಡವಾ. ಬರ್ಲಿ. ಐತವಾರ ಒಬ್ಬರೂ ಬರ್ಲಿಲ್ಲಂದ್ರ ಈ ರುಮಾಲು ಇಳಿಸಿ ಗೂಟಕ್ಕ ಹಾಕ್ತೀನಿ. ಮತ್ತ ಕ್ಯಾಮೆರಾ ಮುಂದ ಕೂಡಂಗಿಲ್ಲ.”

ಸ್ನಾನಕ್ಕೂ ರುಮಾಲು ತೆಗೆಯುತ್ತಿರಲಿಲ್ಲ ಎಂಬ ಕೀರ್ತಿಯ ಮನುಷ್ಯ ಅವನು.

ಮುಂದಿನದು ಅಡುಗೆಯಲ್ಲ, ದಂಡಯಾತ್ರೆ. ಕೂಲಿಗೆ ಬಂದ ಹೆಂಗಸರು ಒಟ್ಟಿಗೆ ಕೂತು ರೊಟ್ಟಿ ಬಡಿದ ಸದ್ದಿಗೆ ಧಾರವಾಡದವರು ಗುಡುಗೆಂದು ತಿಳಿದು ಒಣಹಾಕಿದ ಬಟ್ಟೆ ಒಳಗೆ ತಂದರು. ಎಣ್ಣೆಗಾಯಿಗೆಂದು ಕೊಂಡ ಬದನೆಕಾಯಿಯಿಂದಾಗಿ ಮೂರು ಜಿಲ್ಲೆಗಳಲ್ಲಿ ಬದನೆಯ ಬಣ್ಣವೇ ಜನಕ್ಕೆ ಮರೆತುಹೋಯಿತು. ರೊಟ್ಟಿಯ ರಾಶಿ ಎಷ್ಟೆತ್ತರವಾಯಿತೆಂದರೆ ವಿಮಾನ ನಿಲ್ದಾಣದವರು ಅದರ ತುದಿಗೆ ಒಂದು ಕೆಂಪು ದೀಪ ಕಟ್ಟಿ ಹೋದರು.

ಭಾನುವಾರ ಬಂತು. ಮನೆ ಪಕ್ಕದ ಮೈದಾನದಲ್ಲಿ ಚಪ್ಪರ, ಚಪ್ಪರದಡಿ ಜಮಖಾನ, ಜಮಖಾನದ ಮೇಲೆ ಒಂದು ಕಾಗೆ. ಮಧ್ಯಾಹ್ನವಾಯಿತು. ಕಾಗೆಯೂ ಎದ್ದು ಹೋಯಿತು. ಹೊರಗೆ ತಂದಿಟ್ಟಿದ್ದ ಯಂತ್ರ ಆಗಾಗ “ಖಂಡಿತ ಬರ್ತೀವಿ ಅಂದಾರ” ಎನ್ನುತ್ತಿತ್ತು. ಬಂದದ್ದು ಸಂದೇಶಗಳು: ಹೃದಯದ ಚಿತ್ರ, ಕೈಮುಗಿದ ಚಿತ್ರ. ಊಟ ಭಾರೀ ಇತ್ರೀ ಎಂದು ಸಾವಿರಾರು ಜನ ಬರೆದರು. ಎಣ್ಣೆಗಾಯಿಗೆ ಉಪ್ಪು ತುಸು ಮುಂದಾಗಿತ್ತು ಎಂದು ಮೂರು ಓಣಿ ಆಚೆಯವನೊಬ್ಬ ಮನೆಯಲ್ಲೇ ಕೂತು ಬರೆದ.

ಸಾನ್ವಿ ತಲೆ ಹಿಡಿದುಕೊಂಡಳು. “ಕಾಕಾ, ನೀವು ಅಂದದ್ದೂ ಬಾಯಿಮಾತು, ಅವರು ಅಂದದ್ದೂ ಬಾಯಿಮಾತು. ಖರೇ ಅಂತ ತಿಳಕೊಂಡಿದ್ದು ಇದೊಂದ ನೋಡ್ರಿ.”

ಪ್ರಶಾಂತಪ್ಪನ ಕೈ ಮೆಲ್ಲಗೆ ರುಮಾಲಿನ ಕಡೆ ಏರಿತು. ರೂಪವ್ವ ಮುಖ ಆಚೆ ತಿರುಗಿಸಿದಳು. ಗೆದ್ದವಳ ಮುಖ ಅದಾಗಿರಲಿಲ್ಲ.

ಆಗ ಚಪ್ಪರದ ಬಾಯಿಯಲ್ಲಿ ಒಬ್ಬ ಮುದುಕ ನಿಂತಿದ್ದ. ಮೈಯೆಲ್ಲ ಬಸ್ಸಿನ ಧೂಳು, ಬಗಲಲ್ಲಿ ಚೀಲ, ಮುಖದಲ್ಲಿ ಸಿಟ್ಟು. “ಪ್ರಶಾಂತಪ್ಪ ಅನ್ನಾಂವ ಯಾರು?” ಎಂದ.

ಜಾಲತಾಣದ ಚಿತ್ರದಿಂದ ಯಂತ್ರ ಅವನ ಮುಖ ಗುರುತಿಸಿತು. “ಇವರು ಬರಂಗಿಲ್ಲ ಅಂದಾರ.”

“ಬಂದೇನಲ್ಲೋ.”

“ಬರಂಗಿಲ್ಲ ಅಂದಾರ. ಇವರಿಗೆ ತಾಟಿಲ್ಲ.”

ಅವನು ಲಕ್ಷ್ಮೇಶ್ವರದ ಇಮ್ತಿಯಾಜಸಾಬ ಪಿಂಜಾರ. ನಾಟಕ ಕಂಪನಿಯಲ್ಲಿ ರಾಜರಿಗೆ ರುಮಾಲು ಸುತ್ತಿ, ತಾನು ಸುತ್ತದಿದ್ದರೆ ಹಸ್ತಿನಾಪುರಕ್ಕೆ ರಾಜರೇ ಇರುತ್ತಿರಲಿಲ್ಲ ಎಂದು ನಂಬಿದವನು. ಪ್ರಶಾಂತಪ್ಪನ ಒಂದೊಂದು ವಿಡಿಯೋದ ಕೆಳಗೂ ತಪ್ಪದೆ, ಇದು ರುಮಾಲಲ್ಲ, ಕೊಡ ಹೊರುವ ಸಿಂಬಿ ಎಂದು ಬರೆಯುತ್ತಿದ್ದ. ಅದನ್ನು ಪ್ರಶಾಂತಪ್ಪ ಎಂದೂ ಓದಿರಲಿಲ್ಲ. ಓದುವ ಕೆಲಸ ಯಂತ್ರದ್ದಾಗಿತ್ತು.

“ಬೈದಾಗೊಮ್ಮೆ ಭಾಳ ಸಂತೋಷ, ಮನೀಗೆ ಬರ್ರಿ ಅಂತೀಯಲ್ಲ, ನಿನಗ ಸಿಟ್ಟು ಬರೂದಿಲ್ಲೇನು? ಎದುರಿಗೆ ನಿಂತು ಬೈಬೇಕಂತ ಬಂದೇನಿ.”

“ಬೈಯೂದು ಊಟ ಆದಮ್ಯಾಲ, ಅಣ್ಣಾರ. ಮೊದಲ ಕೈ ತೊಳಕೋರಿ,” ಎಂದಳು ರೂಪವ್ವ. ಗಂಡನ ಕಡೆ ತಿರುಗಿ, “ಕೈ ಕೆಳಗ ಇಳಸ್ರಿ. ಒಬ್ಬರು ಬಂದಾರ. ಹೆಸರೂ ಗೊತ್ತಾತು” ಎಂದಳು.

ಆ ಊಟದ ಜಗಳ ಜಗತ್ತಿನ ದೊಡ್ಡ ಯುದ್ಧಗಳಲ್ಲಿ ಒಂದು. ಇಮ್ತಿಯಾಜಸಾಬ ರುಮಾಲು ಬಿಚ್ಚಿಸಿ ತಾನು ಸುತ್ತಿದ, ಅದು ಜಾರಿ ಸಾರಿನಲ್ಲಿ ಬಿತ್ತು. ಹವೆ ಸರಿಯಿಲ್ಲ ಎಂದ. ಪ್ರಶಾಂತಪ್ಪ ಮತ್ತೆ ಸುತ್ತಿದ, ಅದು ಮೂಗಿನ ತನಕ ಇಳಿಯಿತು. ಗದ್ದಲ ಕೇಳಿ ಎದುರು ಮನೆಯವರು ಹೊರಗೆ ಬಂದರು. ಅವರನ್ನು ಯಾರೂ ಕರೆದಿರಲಿಲ್ಲ. ಅವರು ಬರೀ ನೆರೆಯವರು, ಹಿಂಬಾಲಕರಲ್ಲವಲ್ಲ. ಅವರ ಹಿಂದೆ ಓಣಿ ಬಂತು, ಓಣಿಯ ಹಿಂದೆ ಇಡೀ ಬಡಾವಣೆ. ಸಂಜೆಗೆ ಕೆಂಪು ದೀಪವೊಂದೇ ನೆಲದ ಮೇಲೆ ಉರಿಯುತ್ತಿತ್ತು.

ಬಸ್ ನಿಲ್ದಾಣದ ತನಕ ಪ್ರಶಾಂತಪ್ಪ ಇಮ್ತಿಯಾಜಸಾಬನನ್ನು ಕಳಿಸಲು ಹೋದ. ಬಸ್ಸು ಬಂತು. ಇಂಥ ಹೊತ್ತಿಗೆ ಆಡಲೇಬೇಕಾದ ಮಾತು ಇಬ್ಬರ ನಾಲಿಗೆಯ ತುದಿಗೂ ಬಂದು ನಿಂತಿತು, ಇಬ್ಬರೂ ನುಂಗಿಕೊಂಡರು. ಮೆಟ್ಟಿಲು ಹತ್ತಿದ ಇಮ್ತಿಯಾಜಸಾಬ ತಿರುಗಿ ಹೇಳಿದ: “ಬುಧವಾರ ಮನ್ಯಾಗ ಇರ್ತೀನಿ. ಮುಂಜಾನೆ ಬಸ್ಸಿಗೆ ಬಾ.”

ಬುಧವಾರ ಪ್ರಶಾಂತಪ್ಪ ಹೋದ.

ಯಂತ್ರ ಮಾತ್ರ ಪಟ್ಟು ಬಿಡಲಿಲ್ಲ. ಖಂಡಿತ ಬರುತ್ತೇವೆ ಎಂದವರಿಗೆಲ್ಲ ದಿನವೂ ನೆನಪಿಸಿತು. ಹಿಂಬಾಲಕರು ಎದ್ದೆನೋ ಬಿದ್ದೆನೋ ಎಂದು ಓಡಿ, ನಲವತ್ತು ಲಕ್ಷ ಕರಗಿ ಒಂದು ಪಂಕ್ತಿಗೂ ಸಾಲದಷ್ಟು ಉಳಿದರು. ಆ ಉಳಿದವರು ಒಬ್ಬೊಬ್ಬರಾಗಿ ಬಂದು ಉಂಡು ಹೋದರು. ಅವರ ಹೆಸರುಗಳು ಪ್ರಶಾಂತಪ್ಪನಿಗೆ ಬಾಯಿಪಾಠವಾದವು. ಕೆಲವು ವರ್ಷಗಳಲ್ಲಿ ವಚನಸುರುಳಿ ಎಲ್ಲರ ಫೋನಿಗೂ ಬಂತು. ಮೊದಲ ತಿಂಗಳುಗಳಲ್ಲಿ ನಾಡಿನ ಹೊಸ್ತಿಲುಗಳ ಮೇಲೆಲ್ಲ ಜನ ಅರ್ಧ ಬಾಯಿ ತೆರೆದು, ಏನು ಹೇಳಿ ಬೀಳ್ಕೊಡಬೇಕೆಂದು ತಿಳಿಯದೆ ಕಂಬದಂತೆ ನಿಂತರು. ಆಮೇಲೆ ನಿಧಾನವಾಗಿ ಕಲಿತರು. ಕರೆಯುವುದು ನೂರರಲ್ಲಿ ಒಂದಕ್ಕಿಳಿಯಿತು. ಬರುವವರು ಹೆಚ್ಚಾದರು.

ಇದೆಲ್ಲ ಇನ್ನು ಮೇಲೆ ನಡೆಯಬೇಕಾದದ್ದು. ಸದ್ಯಕ್ಕೆ ಯಾರ ಜೇಬಿನಲ್ಲೂ ಅಂಥ ಸುರುಳಿಯಿಲ್ಲ, ಯಾರೂ ಹೆದರಬೇಕಾಗಿಲ್ಲ. ಈ ವಾರವೂ ನೀವು ಯಾರಿಗೋ ಬಾಗಿಲಲ್ಲಿ ನಿಂತು ಮನೆಗೆ ಬನ್ನಿ ಎಂದಿದ್ದೀರಿ. ಯಾವತ್ತು ಎಂದು ಅವರು ಕೇಳಲಿಲ್ಲ. ನೀವೂ ಹೇಳಲಿಲ್ಲ.