ಕೇಳದೆ ತೆಗೆದ ಚಿತ್ರ

ಕ್ಲಿಕ್!

ಹಳೇಬೀಡಿನ ದೊಡ್ಡ ನಂದಿಯ ಕಿವಿಯತ್ತ ತುದಿಗಾಲಲ್ಲಿ ನಿಂತಿದ್ದ ರಮಾಮಣಿ ಬೆಚ್ಚಿ ತಿರುಗಿದಳು.

ಕಂಬದ ಪಕ್ಕದಲ್ಲೊಬ್ಬ ಯುವಕ. ಕೊರಳಲ್ಲಿ ಕ್ಯಾಮೆರಾ.

“ನನ್ನ ಚಿತ್ರ ತೆಗೆದ್ರಾ? ಯಾರನ್ನ ಕೇಳಿ ತೆಗೆದ್ರಿ?”

ಅಪರಿಚಿತರ ಮುಂದೆ ಬಾಯಿ ಬಿಡದ ಹುಡುಗಿ ಅವಳು. ತನ್ನ ದನಿಗೆ ತಾನೇ ಹೆದರಿದಳು.

“ತಪ್ಪಾಯ್ತು... ಬೆಳಕು ಅಷ್ಟು ಚೆನ್ನಾಗಿತ್ತು. ಕೈ ತಡೀಲಿಲ್ಲ.”

“ಆ ಫಿಲ್ಮ್ ಕೊಡಿ!”

“ಈಗ ತೆಗೆದ್ರೆ ಬೆಳಕು ಬಿದ್ದು ಇಡೀ ರೋಲು ಹಾಳಾಗುತ್ತೆ. ಜಾವಗಲ್ ಗಂಗಾಧರಯ್ಯನವರ ಮನೆಯವರೆಲ್ಲ ಇದರಲ್ಲಿದ್ದಾರೆ. ನಿಮ್ಮದೇ ಕೊನೇ ಚಿತ್ರ. ಅದನ್ನ ನಿಮ್ಮ ಕೈಗೇ ಕೊಡ್ತೀನಿ, ನಂಬಿ. ನಾನು ಸುಂದರರಾಜ. ಅರಸೀಕೆರೆ ಮರುಳಪ್ಪನವರ ಸ್ಟುಡಿಯೋದಲ್ಲಿದ್ದೀನಿ.”

ಮರುಳಪ್ಪನವರ ಸ್ಟುಡಿಯೋ!

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಆ ಸ್ಟುಡಿಯೋದ ಗಾಜಿನ ಪೆಟ್ಟಿಗೆಯನ್ನು ನೋಡದವರಿಲ್ಲ. ರೋಲಿನಲ್ಲಿ ಯಾವ ಹುಡುಗಿಯ ಚಿತ್ರ ಚೆನ್ನಾಗಿ ಬಂದರೂ ಮರುಳಪ್ಪ ಅದನ್ನು ದೊಡ್ಡದು ಮಾಡಿ ಅಲ್ಲಿ ನಿಲ್ಲಿಸುತ್ತಿದ್ದರು. ಯಾರನ್ನೂ ಕೇಳುತ್ತಿರಲಿಲ್ಲ.

ರಮಾಮಣಿಯ ತಂದೆ ಅನಂತಸ್ವಾಮಿಗಳು ಬೇಲೂರು ಚೆನ್ನಕೇಶವನ ಸೇವೆಯಲ್ಲಿರುವ ಕಟ್ಟಾ ವೈಷ್ಣವರು. ಮಗಳು ಶಿವನ ಗುಡಿಗೆ ಹೋಗಿ ನಂದಿಯ ಕಿವಿಯಲ್ಲಿ ಹರಕೆ ಹೇಳಿಕೊಂಡ ಚಿತ್ರ ಬೀದಿಯಲ್ಲಿ ನಿಂತರೆ! ಬಿ.ಎ. ಮುಗಿಸಿದವಳಿಗೆ ಜಾವಗಲ್ ಶಾಲೆಯ ಉಪಾಧ್ಯಾಯಿನಿ ಕೆಲಸ ಸಿಕ್ಕಿತ್ತು. ಅಪ್ಪ ಒಪ್ಪಲೆಂದೇ ಆ ಹರಕೆ. ‘ಹೆಣ್ಣುಮಗಳನ್ನ ಒಬ್ಬಳನ್ನೇ ಹೇಗೆ ಕಳಿಸೋದು?’ ಎಂದು ಮೊದಲೇ ಹಿಂದೆಮುಂದೆ ನೋಡುತ್ತಿದ್ದ ಅಪ್ಪ ಆಮೇಲೆ ಹೊಸಲು ದಾಟಿಸುವುದು ಸುಳ್ಳು.

ಆ ಶುಕ್ರವಾರ ಬೇಲೂರು ಗುಡಿಯ ಪ್ರಾಕಾರದಲ್ಲಿ ಅವನೇ ಎದುರಾದ!

ಅವಳನ್ನು ಕಂಡ ಕೂಡಲೇ ಅವನು ಕ್ಯಾಮೆರಾವನ್ನು ಕೆಳಗಿಳಿಸಿ ಲೆನ್ಸಿನ ಮೇಲೆ ಅಂಗೈ ಮುಚ್ಚಿದ. ಆ ಸಣ್ಣ ಸನ್ನೆಗೆ ಅವಳ ಒಳಗೆಲ್ಲೋ ಏನೋ ಕರಗಿತು...

“ರೀ, ಒಂದು ಮಾತು...”

ಅಪ್ಪ ಇಲ್ಲೇ ಇದ್ದಾರೆ! ರಮಾಮಣಿ ಕಂಬಗಳ ನಡುವೆ ತಪ್ಪಿಸಿಕೊಂಡು ಓಡಿದಳು. ರಾತ್ರಿ ಡೈರಿ ತೆರೆದು ಕೂತರೆ ಆ ಅಂಗೈ ಬಿಟ್ಟು ಬೇರೇನೂ ನೆನಪಾಗಲಿಲ್ಲ. ‘ಕಳ್ಳ ಮನಸ್ಸಿನವನು ಹಾಗೆ ಮುಚ್ಚುತ್ತಾನೆಯೇ? ಅಥವಾ ಅದೂ ನಾಟಕವೇ?’

ಮರುದಿನ ಹೂವಿನ ಹುಚ್ಚಮ್ಮ ಬಾಗಿಲಲ್ಲೇ ಶುರುಮಾಡಿದಳು.

“ಅವ್ವಾ, ಹಳೇಬೀಡ್ನಾಗೆ ನಿಮ್ಮ ಪಟ ಹಿಡುದ್ರಂತೆ? ಇನ್ನೇನ್ ಬಿಡಿ, ಅರಸೀಕೆರೆ ಗಾಜಿನಾಗೆ ಕೂತ್ಕತೀರಿ!”

ಅಪ್ಪ ಪೂಜೆಯಲ್ಲಿದ್ದರು. ಕೇಳಿಸಿತೋ ಇಲ್ಲವೋ!

ರಮಾಮಣಿ ಅಳುತ್ತಾ ಸೋದರತ್ತೆ ರಂಗನಾಯಕಿಗೆ ಎಲ್ಲ ಹೇಳಿದಳು.

“ನಂದಿ ಕಿವೀಲಿ ಗುಟ್ಟು ಹೇಳೋಳಿಗೆ ನನ್ನ ಕಿವಿ ಸಾಲಲಿಲ್ವೇನೇ?” ಎಂದು ಗದರಿದರೂ, ಕನ್ನಡಕ ಸರಿಮಾಡಿಸುವ ನೆಪ ಹೇಳಿ ಅತ್ತೆ ಅವಳನ್ನು ಅರಸೀಕೆರೆಯ ಬಸ್ಸು ಹತ್ತಿಸಿದರು.

ಬಸ್ಸಿಳಿದವಳೇ ಅವಳು ಸ್ಟುಡಿಯೋದ ಮುಂದೆ ಹೋಗಿ ನಿಂತಳು.

ಗಾಜಿನ ಪೆಟ್ಟಿಗೆಯಲ್ಲಿ ಅವಳಿರಲಿಲ್ಲ. ಹಾಗಾದರೆ ಚಿತ್ರ ಯಾರ ಕೈಯಲ್ಲಿದೆ? ಭಯ ಇಮ್ಮಡಿಯಾಯಿತು...

ಅಷ್ಟರಲ್ಲಿ ಒಳಗಿನಿಂದ ಮರುಳಪ್ಪನವರ ಗರ್ಜನೆ.

“ಏನ್ಲಾ ಸುಂದರಾ, ಹಿಂದಿನ ಸಾಲಿನೋರಿಗೆ ತಲೇನೇ ಇಲ್ವಲ್ಲೋ! ಗಂಗಾಧರಯ್ಯನೋರಿಗೆ ಬರೀ ಮುಂಡ ಕೊಡ್ಲಾ?”

“ಕೊನೇ ಚಿತ್ರ ನಿಮ್ಮ ಕೈಗೆ ಸಿಗಬಾರದು ಅಂತ ತೊಳೆಯೋಕೆ ಮುಂಚೇನೇ ಕತ್ತರಿಸಿ ತೆಗೆದೆ, ಸ್ವಾಮಿ. ಕೆಂಪು ದೀಪಾನೂ ಹಚ್ಚೋ ಹಾಗಿರಲಿಲ್ಲ. ಕತ್ತಲಲ್ಲಿ ಅಂದಾಜು ತಪ್ಪಿ ಪಕ್ಕದ ಚಿತ್ರಕ್ಕೂ ಕತ್ತರಿ ಬಿತ್ತು.”

“ಅಂಥಾದ್ದೇನೋ ಅದ್ರಾಗೆ?”

“ಕೇಳದೆ ತೆಗೆದದ್ದು. ನಾನೂ ನೋಡಿಲ್ಲ. ನೋಡೋ ಹಕ್ಕು ನನಗಿಲ್ಲ.”

“ಹಂಗಾದ್ರೆ ಕೆಲಸಾನೂ ಇಲ್ಲ. ನಡಿ ಆಚೆಗೆ!”

ತಲೆ ತಗ್ಗಿಸಿ ಹೊರಬಂದ ಸುಂದರರಾಜ ಮೆಟ್ಟಿಲ ಮೇಲೆ ಅವಳನ್ನು ಕಂಡು ನಿಂತುಬಿಟ್ಟ. ಜೇಬಿನಿಂದ ಕಪ್ಪು ಕಾಗದದ ಪುಟ್ಟ ಸುರುಳಿ ತೆಗೆದು ಚಾಚಿದ.

“ಆವತ್ತು ಬೇಲೂರಲ್ಲಿ ಇದನ್ನೇ ಹೇಳಬೇಕು ಅಂತಿದ್ದೆ. ತೊಳೆದರೆ ಚಿತ್ರ ಬರುತ್ತೆ. ಬಿಚ್ಚಿದರೆ ಹೋಗುತ್ತೆ. ನಿಮ್ಮಿಷ್ಟ.”

‘ನನಗಾಗಿ ಕೆಲಸವನ್ನೇ ಕಳೆದುಕೊಂಡನೇ! ನಾನು ಇವನನ್ನು ಏನೆಲ್ಲ ಅಂದುಕೊಂಡೆ...’

ರಮಾಮಣಿ ಸುರುಳಿ ಬಿಚ್ಚಿ ಫಿಲ್ಮನ್ನು ಬಿಸಿಲಿಗೆ ಹಿಡಿದಳು. ಬೂದುಬಣ್ಣದ ಬರೀ ತುಂಡು. ಇನ್ನು ಯಾರೂ ಅದನ್ನು ನೋಡಲಾರರು.

ಅವನು ತಡೆಯಲಿಲ್ಲ.

“ಕೋಪ ಬರಲಿಲ್ವಾ?” ಅವಳ ಕಣ್ಣು ತುಂಬಿತ್ತು.

“ಇಲ್ಲ. ಈ ಒಂದು ವಾರ ಕಣ್ಣು ಮುಚ್ಚಿದರೆ ನೀವೇ ಕಾಣ್ತಿದ್ದೀರಿ. ಅದಕ್ಕೆ ಫಿಲ್ಮ್ ಬೇಕಿಲ್ಲ...” ಅಂದವನೇ ತಡಬಡಾಯಿಸಿದ. “ನಿಮ್ಮ ಮನೆಗೆ ಬಂದು ತಂದೆಯವರನ್ನ ಕೇಳಲಾ?”

“ಮೊದಲು ನನ್ನನ್ನ ಕೇಳಿ.”

ಅವನು ನಾಲಗೆ ಕಚ್ಚಿಕೊಂಡ.

“ಹೌದಲ್ವಾ... ಮತ್ತೆ ಅದೇ ತಪ್ಪು. ಕೆಲಸ ಇಲ್ಲದವನು ನಾನು. ನನ್ನನ್ನ ಮದುವೆ ಆಗ್ತೀರಾ?”

“ನಾನು ಜಾವಗಲ್‌ಗೆ ಪಾಠ ಹೇಳೋಕೆ ಹೋಗ್ತೀನಿ. ಅಪ್ಪನ್ನ ಇನ್ನೂ ಒಪ್ಪಿಸಬೇಕು. ಮದುವೆ ಆದ್ಮೇಲೆ ನೀವು ಕೆಲಸ ಬೇಡ ಅನ್ನಲ್ಲ ತಾನೇ?”

“ಅನ್ನಲ್ಲ.”

“ಹಾಗಾದ್ರೆ... ಹೂಂ.”

“ಏನಂದ್ರಿ? ಕೇಳಿಸಲಿಲ್ಲ...”

“ಎರಡು ಸಲ ಹೇಳೋಕೆ ನಾಚಿಕೆ ಆಗುತ್ತೆ ಕಣ್ರೀ!”