ಎಳೆದರೆ ಓಟ, ಒತ್ತಿದರೆ ನಿಲುಗಡೆ

"ಸರ್, ನಿಮ್ಮ ಮನೆಯವರಿಗೆ ಯಾವ ಬಣ್ಣ ಇಷ್ಟ?"

ಷೋರೂಮಿನ ಟೈಧಾರಿ ಕೇಳಿದ್ದು ಮೇಸ್ತ್ರಿಯನ್ನು, ಗಾಲಿಕುರ್ಚಿಯಲ್ಲಿ ಕೂತಿದ್ದವಳನ್ನಲ್ಲ.

ಮೇಸ್ತ್ರಿಯ ಕಿವಿ ಕೆಂಪಾಯಿತು. "ಮನೆಯವರಲ್ಲಪ್ಪ, ಕಾರು ತಗೊಳ್ಳೋರು. ಬಾಯಿ ಅವರಿಗೇ ಇದೆ, ಸ್ವಲ್ಪ ಜೋರಾಗೇ ಇದೆ. ಅವರನ್ನೇ ಕೇಳು."

ಅವಳು ನಗಲು ಹೋದಳು. ಕೆನ್ನೆಯ ಗಾಯ ಚುರ್ ಎಂದಿತು.

"ಅದೇನದು ಕೆನ್ನೆ ಮೇಲೆ, ಸ್ಟೆನೋ ಮೇಡಂ?"

"ಲೋಟ."

"ಲೋಟಕ್ಕೂ ರೆಕ್ಕೆ ಬಂತಾ?"

"ನಮ್ಮನೇಲಿ ಎಲ್ಲಾ ಪಾತ್ರೆಗೂ ಇದೆ."

ಮೇಸ್ತ್ರಿ ನಗಲಿಲ್ಲ. ಕಾರಿನ ಪಕ್ಕ, ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತ. ಅವನು ನಿಂತುಕೊಂಡು ತನ್ನೊಡನೆ ಮಾತಾಡಿದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಕತ್ತೆತ್ತಿ ನೋಡುವ ಕಷ್ಟ ಅವಳಿಗೆ ಬೇಡವೆಂದು ಅವನೇ ಕೆಳಗಿಳಿಯುತ್ತಿದ್ದ.

ಅವಳು ಕೋರ್ಟಿನಲ್ಲಿ ಸ್ಟೆನೋ. ಮಚ್ಚು ಬೀಸಿದವರ, ಕಲ್ಲು ಎತ್ತಿಹಾಕಿದವರ ಕಥೆಗಳನ್ನು ದಿನವಿಡೀ ಬರೆದುಕೊಳ್ಳುವ ಕೆಲಸ. ಸಂಜೆ ಮನೆಗೆ ಹೋದರೂ ಅದೇ ಕಥೆ. ಬರೆದುಕೊಳ್ಳುವವರು ಮಾತ್ರ ಯಾರೂ ಇರಲಿಲ್ಲ. ಒಂಬತ್ತು ವರ್ಷದ ಹಿಂದೆ, ಯಾರೋ ತನ್ನ ಕಾರನ್ನು ಹಿಂದೆ ಹಾಕಿದರೆಂಬ ಸಿಟ್ಟಿಗೆ ಅಣ್ಣ ಅವರನ್ನು ಅಟ್ಟಿಸಿಕೊಂಡು ಹೋಗಿ ಸೇತುವೆಯ ಕಟ್ಟೆಗೆ ಗುದ್ದಿದ್ದ. ಅವನ ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಪಕ್ಕದಲ್ಲಿ ಕೂತಿದ್ದ ಅವಳ ಎರಡು ಕಾಲೂ ಹೋದವು. "ಇನ್ನು ನಿನ್ನ ಕಾಲು ನಾನೇ" ಎಂದು ಅಂದೇ ಅತ್ತ. ಅತ್ತದ್ದು ನಿಜ. ಆದರೆ ಅಂದಿನಿಂದ ಕೋರ್ಟಿಗೆ ಬಿಡುವವನೂ ಅವನೇ, ಕರೆತರುವವನೂ ಅವನೇ. ಒಬ್ಬಳೇ ಎಲ್ಲಾದರೂ ಹೋಗುತ್ತೇನೆ ಎಂದರೆ ಕೈಗೆ ಸಿಕ್ಕಿದ್ದು ಹಾರುತ್ತಿತ್ತು.

ಮೇಸ್ತ್ರಿಯ ಗ್ಯಾರೇಜು ಕೋರ್ಟಿನ ಎದುರಿಗೇ ಇತ್ತು. ಕಾಲು ಆಡದವರ ಕಾರಿಗೆ, ವೇಗ-ಬ್ರೇಕು ಎರಡನ್ನೂ ಕೈಯಲ್ಲೇ ನಡೆಸುವ ಕೈಸರಳು ಕೂರಿಸುವುದು ಅವನ ಕಸುಬು. ಕೂರಿಸಿದ ಮೇಲೆ ತನ್ನೆರಡೂ ಕಾಲನ್ನು ಬೆಲ್ಟಿನಲ್ಲಿ ಬಿಗಿದುಕೊಂಡು ಒಂದು ವಾರ ತಾನೇ ಓಡಿಸಿ ನೋಡದೆ ಯಾರಿಗೂ ಕಾರು ಕೊಡುವವನಲ್ಲ. ಐದು ತಿಂಗಳಿಂದ ಊಟದ ಬಿಡುವಿನಲ್ಲಿ ತನ್ನ ಹಳೆಯ ಕಾರಿನಲ್ಲಿ ಅವಳಿಗೆ ಕಲಿಸಿದ್ದ. "ಎಳೆದ್ರೆ ಓಟ, ಒತ್ತಿದ್ರೆ ನಿಲುಗಡೆ. ಇಷ್ಟೇ ಶಾಸ್ತ್ರ." ಲೈಸೆನ್ಸೂ ಬಂದಿತ್ತು. ಅಣ್ಣನಿಗೆ ಇದರ ಸುಳಿವಿರಲಿಲ್ಲ.

ಊಟದ ಬಿಡುವಿನಲ್ಲೇ ಅವನ ಕಾರಿನಲ್ಲಿ ಬಂದ ಮೂರನೆಯ ಷೋರೂಮು ಅದು. ಎರಡನೆಯದರಲ್ಲಿ ಪೂರ್ತಿ ಬ್ಯಾಟರಿಯ ಕಾರು ಅವಳಿಗೆ ಹಿಡಿಸಿತ್ತು. ಆದರೆ ಚಾರ್ಜಿಂಗ್ ಜಾಗದಲ್ಲಿ ಕುರ್ಚಿ ಹತ್ತದ ಕಟ್ಟೆ, ಹೆಬ್ಬಾವಿನಂಥ ಕೇಬಲ್ಲು. ಪೆಟ್ರೋಲೂ ಬ್ಯಾಟರಿಯೂ ಎರಡೂ ಇರುವ ಈ ಹೈಬ್ರಿಡ್ ಕಾರು ಓಡುತ್ತಲೇ ತನ್ನ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ, ಬಂಕಿನ ಮುಖ ನೋಡುವುದೂ ಅಪರೂಪ. ಸೀಟಿನ ಮಟ್ಟಕ್ಕೂ ಕುರ್ಚಿಯ ಮಟ್ಟಕ್ಕೂ ಎರಡೇ ಬೆರಳಿನ ವ್ಯತ್ಯಾಸ. ಅವಳು ಕೈಯೂರಿ ಒಳಗೆ ಜಾರಿಕೊಂಡಳು. ಟೈಧಾರಿ ಹಿಡಿಯಲು ಬಂದ.

"ಕೇಳೋವರೆಗೂ ಕೈ ಹಾಕ್ಬೇಡ," ಎಂದ ಮೇಸ್ತ್ರಿ, ಮೆಲ್ಲಗೆ.

ಅವಳು ಕುರ್ಚಿಯ ಚಕ್ರ ಕಳಚಿ, ಒಂದೊಂದೇ ಭಾಗವನ್ನು ಎದೆಯ ಮೇಲಿಂದ ದಾಟಿಸಿ ಪಕ್ಕದ ಸೀಟಿಗೆ ಹಾಕಿದಳು. ಬೆವರು ಇಳಿಯಿತು. ಕಣ್ಣು ಮಾತ್ರ ಹೊಳೆಯಿತು.

"ಇದೇ ಇರ್ಲಿ, ಮೇಸ್ತ್ರಿ."

"ಪಕ್ಕದ ಸೀಟು ಕುರ್ಚಿಗೇ ಹೋಯ್ತಲ್ಲ. ಯಾರಾದ್ರೂ ಜೊತೇಲಿ ಬರ್ಬೇಕಾದ್ರೆ?"

"ಯಾರಪ್ಪಾ ಬರೋರು?"

"ಯಾರೋ. ಸುಮ್ನೆ ಕೇಳ್ದೆ." ಅವನು ಕನ್ನಡಿ ಒರೆಸತೊಡಗಿದ. ಮೊದಲೇ ಫಳಫಳ ಹೊಳೆಯುತ್ತಿದ್ದ ಆ ಕನ್ನಡಿಯಲ್ಲಿ ಅವಳು ಅವನನ್ನೇ ನೋಡಿದಳು. ಅವನು ನೋಡದವನಂತೆ ನೋಡಿದ.

ಕೈಸರಳು ಕೂರಿಸಿ, ಕಾರು ಕೈಗೆ ಬರುವ ಮಧ್ಯಾಹ್ನ ಅವಳು ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ನಿಲ್ಲಿಸಿಕೊಂಡು ಕಾದಿದ್ದಳು. ಮೇಸ್ತ್ರಿ ಕಾರು ಸ್ಟಾರ್ಟ್ ಮಾಡಿ, ಕಾಲಿನ ಬೆಲ್ಟು ಬಿಚ್ಚಿ ಇಳಿದ. ಸದ್ದೇ ಇಲ್ಲ. ಒಂದು ಹಸಿರು ದೀಪ ಮಾತ್ರ.

"ಬದುಕಿದ್ಯಾ ಇದು?"

"ಬ್ಯಾಟರೀಲಿದೆ. ಮಾತು ಕಮ್ಮಿ, ನನ್ನ ಹಾಗೆ."

ಅಷ್ಟರಲ್ಲಿ ಅಣ್ಣ ನುಗ್ಗಿದ. ಕಾರು ನೋಂದಣಿಯಾದ ಕಾಗದ ಮನೆಗೆ ಬಂದಿತ್ತು. ಅವನು ಆ ಕಾಗದವನ್ನು ಅವಳ ಮುಖಕ್ಕೆ ಎಸೆದ. ಚಕ್ರ ಬಿಚ್ಚುವ ಪಾನಾ ಕೈಗೆ ಸಿಕ್ಕಿತು. ಮೇಸ್ತ್ರಿ ತಿರುಗುವುದರೊಳಗೆ ಭುಜದ ಮೇಲೆ ಬಿತ್ತು ಏಟು; ಮೂಳೆ ಲಟಕ್ಕೆಂದಿತು. ಎರಡನೆಯದು ಕಿವಿಯ ಮೇಲೆ. ಕಾರಿನ ಬಿಳಿಯ ಬಾಗಿಲಿಗೆ ರಕ್ತ ಚಿಮ್ಮಿತು.

"ನನ್ನ ತಂಗೀನ ರಸ್ತೇಲಿ ಸಾಯ್ಸೋಕೆ ಹೊರಟಿದ್ದೀಯೇನೋ!"

"ಅಣ್ಣಾ, ಬಿಡು!" ಅವಳು ಕುರ್ಚಿಯನ್ನೇ ಅವನ ಮೊಣಕಾಲಿಗೆ ಗುದ್ದಿದಳು. ಅವನು ಕುರ್ಚಿಯನ್ನು ಗ್ಯಾರೇಜಿನ ಬಾಗಿಲಿನತ್ತ ತಳ್ಳಿ ಕಾರಿಗೆ ಹಾರಿದ. "ಇದನ್ನ ಆ ಷೋರೂಮಿನ ಬಾಗಿಲಿಗೇ ಗುದ್ದಿ ಬರ್ತೀನಿ!"

ಬ್ರೇಕು ತುಳಿದು ಗೇರು ಹಾಕಿದ. ಇಂಜಿನ್ ಸದ್ದಿಲ್ಲ. ಕಾರು ಸ್ಟಾರ್ಟೇ ಆಗಿಲ್ಲವೆಂದು ಅವನು ತಿಳಿದ. ಸಿಟ್ಟೆಲ್ಲ ಕೈಸರಳಿನ ಮೇಲೆ ಹೋಯಿತು. "ಈ ಕಬ್ಬಿಣ ಮೊದಲು ಕಿತ್ತು ಬಿಸಾಕ್ತೀನಿ!" ಬ್ರೇಕು ಬಿಟ್ಟು, ಕಾಲನ್ನು ನೆಲಕ್ಕೆ ಊರಿ, ಎರಡೂ ಕೈಯಲ್ಲಿ ಸರಳನ್ನು ಹಿಡಿದು ಎಳೆದ.

ಕಾರು ಬಾಣದಂತೆ ಚಿಮ್ಮಿತು, ಬಾಗಿಲಲ್ಲಿದ್ದ ಅವಳ ಕಡೆಗೇ.

ಮೇಸ್ತ್ರಿ ಸರಿಯಿದ್ದ ಒಂದೇ ಕೈಯಿಂದ ಅವಳ ಕುರ್ಚಿಯನ್ನು ಪಕ್ಕಕ್ಕೆ ದೂಡಿದ. ಬಂಪರು ಅವನ ತೊಡೆಯನ್ನು ಬಾಗಿಲ ಕಂಬಕ್ಕೆ ಒತ್ತಿತು. ಅಣ್ಣ ಚೀರಿ ಸರಳು ಬಿಟ್ಟು ಬ್ರೇಕು ತುಳಿದ.

ಆಮೇಲೆ ಕಾರು ಹಿಂದೆ ಸರಿಸಿ ಇಳಿದವನು, "ನಾನೇ ಆಸ್ಪತ್ರೆಗೆ ಓಡಿಸ್ತೀನಿ," ಎಂದ.

"ಒಂಬತ್ತು ವರ್ಷದ ಹಿಂದೆ ನೀನೇ ಓಡಿಸಿದ್ದೆ, ಅಣ್ಣ." ಅವಳ ದನಿ ಏರಲಿಲ್ಲ. "ಅವರನ್ನ ಎತ್ತಿ ಮುಂದಿನ ಸೀಟಲ್ಲಿ ಕೂರ್ಸು. ನನ್ನ ಮುಟ್ಬೇಡ."

ಅವನು ಹಾಗೆಯೇ ಮಾಡಿದ. ಅವಳು ಕೈಯೂರಿ ತನ್ನ ಸೀಟಿಗೆ ಜಾರಿಕೊಂಡಳು. ಕುರ್ಚಿ ಅಲ್ಲೇ ಉಳಿಯಿತು. ಅಣ್ಣನೂ.

ಮೊದಲ ತಿರುವಿನಲ್ಲಿ ಅವಳ ಅಂಗೈ ಬೆವರಿತು, ಎರಡನೆಯದರಲ್ಲಿ ಇಲ್ಲ. ಹಳ್ಳ ಬಂದಲ್ಲೆಲ್ಲ ಮೆಲ್ಲಗೆ ಒತ್ತಿದಳು, ಅವನ ಮೂಳೆ ಅಲುಗದಂತೆ.

"ಆಸ್ಪತ್ರೇಲಿ ಕೇಳ್ತಾರೆ," ಎಂದ ಮೇಸ್ತ್ರಿ, ಹಲ್ಲು ಕಚ್ಚಿ. "ಜಾಕ್ ಜಾರ್ತು ಅಂತೀನಿ. ನಿಮ್ಮಣ್ಣನ ಹೆಸರು ಬೇಡ."

"ದಿನಾ ಸುಳ್ಳು ಬರ್ಕೊಂಡು ಬರ್ಕೊಂಡು ಸಾಕಾಗಿದೆ ನಂಗೆ. ಸುಳ್ಳು ಹೇಳೋರನ್ನ ನಾನು ಮದ್ವೆ ಆಗಲ್ಲ."

ಅವನು ನೋವು ಮರೆತು ತಿರುಗಿದ. "ನಾನಿನ್ನೂ ಕೇಳೇ ಇಲ್ವಲ್ಲ!"

"ಸಿಗ್ನಲ್ ಕೆಂಪಿದೆ. ಹದಿನೈದು ಸೆಕೆಂಡಿದೆ."

ಅವನು ಹತ್ತು ಸೆಕೆಂಡು ಬರೀ ಉಸಿರಾಡಿದ. ಉಳಿದ ಐದರಲ್ಲಿ ಕೇಳಿದ. ಅಷ್ಟರಲ್ಲಿ ಹಸಿರು ಬಂತು. ಅವಳು ಸರಳು ಎಳೆದಳು.

ತುರ್ತು ಚಿಕಿತ್ಸೆಯ ಬಾಗಿಲಿಗೆ ದಪ್ಪ ಕನ್ನಡಕದ ಆಯಾ ಗಾಲಿಕುರ್ಚಿಯೊಂದನ್ನು ತಳ್ಳಿಕೊಂಡು ಬಂದಳು. "ಯಾರಿಗ್ರೀ ಇದು?"

ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು.

"ಮೊದಲು ಅವರಿಗೆ," ಎಂದಳು ಅವಳು. "ಹಾಗೇ ಇನ್ನೊಂದು ತನ್ನಿ. ನಾನೂ ಒಳಗೆ ಬರ್ಬೇಕು. ಹೊಡೆದದ್ದು ನಮ್ಮಣ್ಣ ಅಂತ ಬರೆಸ್ಬೇಕು. ಆಮೇಲೆ ಇವರು ದಾರೀಲಿ ಒಂದು ಮಾತು ಕೇಳಿದ್ರು, ಅದಕ್ಕೆ ಹೂಂ ಅನ್ಬೇಕು."

ಆಯಾ ಮೇಸ್ತ್ರಿಯ ಸರಿಯಿದ್ದ ಕಡೆಯ ಕಂಕುಳಿಗೆ ಕೈಯಿಟ್ಟು ಮೆತ್ತಗೆ ಎಬ್ಬಿಸುತ್ತ ನುಡಿದಳು: "ಅದನ್ನ ಈಗ್ಲೇ ಅಂದ್ಬಿಡಿ ತಾಯಿ. ಒಳಗೆ ದೊಡ್ಡ ಕ್ಯೂ ಇದೆ."

"ಹೂಂ," ಎಂದಳು ಅವಳು.