ಮೂತಿ ಗೇಟಿನ ಕಡೆಗೆ

"ಯಾರ್ರೀ ನೀವು? ಇಳೀರಿ ಕೆಳಗೆ!"

ಬೆಳ್ಳಂಬೆಳಿಗ್ಗೆ ಇಡೀ ಯಾರ್ಡು ತಿರುಗಿ ನೋಡುವ ಹಾಗೆ ಕೂಗಿದಳು ಅವಳು.

ಅವಳ ಲಾರಿ. ಅವಳ ಸೀಟು. ಆ ಸೀಟನ್ನು ಹಿಂದಕ್ಕೆ ಎಷ್ಟು ಹೋಗುತ್ತೋ ಅಷ್ಟೂ ತಳ್ಳಿ, ಕನ್ನಡಿಗಳನ್ನೆಲ್ಲ ಆಕಾಶಕ್ಕೆ ತಿರುಗಿಸಿ, ಒಬ್ಬ ಉದ್ದನೆಯ ಮನುಷ್ಯ ಆರಾಮಾಗಿ ಕೂತು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ!

"ಇದು ನನ್ನ ಗಾಡಿ," ಎಂದಳು.

"ನಂದೂ ಹೌದು," ಎಂದ ಅವನು. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. "ಹಗಲು ಪಾಳಿ ನಿಮ್ದು, ರಾತ್ರಿ ಪಾಳಿ ನಂದು. ನಿನ್ನೆಯಿಂದ. ನಿಮಗೆ ಯಾರೂ ಹೇಳಿಲ್ವಾ?"

ಹೇಳೋರು ಯಾರು? ಹಳೇ ಯಜಮಾನರು ಕಂಪನಿ ಮಾರಿ ಕೈತೊಳೆದುಕೊಂಡಿದ್ದರು. ಕೊಂಡವರಿಗೆ ಇಂಥ ಯಾರ್ಡುಗಳು ಎಷ್ಟೋ ಇದ್ದವು. ಬಂದವರೇ ಹಸಿರು ಲಾರಿಗಳಿಗೆಲ್ಲ ಬೂದು ಬಣ್ಣ ಬಳಿಸಿದರು. ಡ್ರೈವರ್‌ಗಳಿಗೆಲ್ಲ ಬೂದು ಅಂಗಿ ತೊಡಿಸಿದರು. ಸ್ಟೇರಿಂಗ್ ಎದುರಿಗೆ ಒಂದೊಂದು ಕ್ಯಾಮರಾ ಕೂರಿಸಿದರು. ಅದು ಡ್ರೈವರ್ ಮುಖವನ್ನೇ ದುರುಗುಟ್ಟಿ ನೋಡುತ್ತಾ, ತಪ್ಪು ಕಂಡಾಗೆಲ್ಲ ಅಂಕ ಕಳೆಯುತ್ತಿತ್ತು. ಯಾರ್ಡಿನಲ್ಲಿ ಒಬ್ಬರು ಹಾಡಿನ ಅಣ್ಣ ಇದ್ದರು, ಹಾಡದೆ ಲಾರಿ ಓಡಿಸಿ ಗೊತ್ತಿಲ್ಲದವರು. ಅವರು ಆಲಾಪಕ್ಕೆ ಬಾಯಿ ತೆರೆದರೆ ಸಾಕು, "ನೀವು ಆಕಳಿಸುತ್ತಿದ್ದೀರಿ, ವಿಶ್ರಾಂತಿ ಪಡೆಯಿರಿ" ಎಂದು ಅರಚುತ್ತಿತ್ತು ಆ ಹಾಳು ಕ್ಯಾಮರಾ. ಅಣ್ಣ ಹಾಡುವುದನ್ನೇ ಬಿಟ್ಟುಬಿಟ್ಟರು. ಪಾಪ!

ಈಗ ಇದೊಂದು ಹೊಸ ಕಾನೂನು. ಗಾಡಿ ಒಂದು ಗಳಿಗೆಯೂ ಸುಮ್ಮನೆ ನಿಲ್ಲಬಾರದಂತೆ. ಒಂದು ಲಾರಿಗೆ ಇಬ್ಬರಂತೆ.

"ಕಂಬದ ಹಾಗಿರೋರನ್ನ ತಂದು ನನ್ನ ಗಾಡಿಗೇ ಗಂಟು ಹಾಕಬೇಕಿತ್ತಾ?" ಎಂದು ಅವಳು ಗೊಣಗಿದ್ದು ಅವನಿಗೂ ಕೇಳಿಸಿತು, ಪಕ್ಕದಲ್ಲಿದ್ದ ನಾಲ್ಕು ಜನಕ್ಕೂ ಕೇಳಿಸಿತು. ಅಂದಿನಿಂದ ಅವನಿಗೆ ಯಾರ್ಡಿನಲ್ಲಿ ಕಂಬ ಎಂದೇ ಹೆಸರಾಯಿತು. ಅವಳಿಗಂತೂ ಮೊದಲಿನಿಂದಲೂ ಮೊಂಡಿ ಅನ್ನೋ ಹೆಸರಿತ್ತು.

ಮೊಂಡಿಯಾಗದೆ ಇನ್ನೇನಾದಾಳು, ಹೇಳಿ? ಅಷ್ಟು ಗಂಡಸರ ನಡುವೆ ಅವಳೊಬ್ಬಳೇ ಹೆಣ್ಣು ಡ್ರೈವರ್. ಅವಳನ್ನು ಸಾಕಿದ್ದು ಅದೇ ಯಾರ್ಡಿನಲ್ಲಿ ಟೀ ಅಂಗಡಿ ಇಟ್ಟಿದ್ದ ದೊಡ್ಡಮ್ಮ. ಲಾರಿ ಕಲಿಸಿದ್ದು ದೊಡ್ಡಪ್ಪ. ದೊಡ್ಡಪ್ಪ ತೀರಿಕೊಂಡ ಮೇಲೆ ಅವನ ಗಾಡಿಯನ್ನು ಹಳೇ ಯಜಮಾನರು ಇವಳ ಕೈಗೇ ಕೊಟ್ಟಿದ್ದರು. ಬೇರೆ ಯಾವ ಯಾರ್ಡಿನವರೂ ಇವಳನ್ನು ಸ್ಟೇರಿಂಗ್ ಮುಟ್ಟಲು ಬಿಟ್ಟಿರಲಿಲ್ಲ, ಕೇಳಿ ನೋಡಿದ್ದಳು. ಈ ಸೀಟು ಹೋಯಿತೋ, ಮತ್ತೆ ದೊಡ್ಡಮ್ಮನ ಅಂಗಡಿಯಲ್ಲಿ ಲೋಟ ತೊಳೆಯುವುದೇ ಗತಿ.

ಅದಕ್ಕೇ ಅವಳಿಗೆ ಆ ದಿನದಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಅವರಿಬ್ಬರ ಭೇಟಿ ಅಂದರೆ ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು. ಬೀಗದ ಕೈ ಕೊಡು, ಬೀಗದ ಕೈ ತಗೋ. ಅಷ್ಟರಲ್ಲೇ ಜಗಳ!

ಹಳೇ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಯಾರೇ ಗಾಡಿ ನಿಲ್ಲಿಸಿದರೂ ಅದರ ಮೂತಿ ಗೇಟಿನ ಕಡೆಗಿರಬೇಕು. 'ಮುಂದೆ ಹತ್ತುವವನು ಹಿಂದಕ್ಕೆ ತಿರುಗಿಸಿಕೊಂಡು ಒದ್ದಾಡಬಾರದು ಮಗಾ, ನೇರ ಹೊರಟುಬಿಡಬೇಕು' ಎನ್ನುತ್ತಿದ್ದ ದೊಡ್ಡಪ್ಪ. ಎಷ್ಟೇ ಸುಸ್ತಾಗಿದ್ದರೂ ಅವಳು ದಿನಾ ಸಂಜೆ ಹಾಗೇ ನಿಲ್ಲಿಸುತ್ತಿದ್ದಳು.

ಕಂಬ ಮಾತ್ರ ಬೆಳಿಗ್ಗೆ ಬಂದವನೇ ಮೂತಿಯನ್ನು ಗೋಡೆಗೆ ಮಾಡಿ ನಿಲ್ಲಿಸುತ್ತಿದ್ದ. ದಿನಾ! ಆ ಇಕ್ಕಟ್ಟಿನಲ್ಲಿ ಅಷ್ಟುದ್ದದ ಗಾಡಿಯನ್ನು ಹಿಂದೆ ತೆಗೆಯುವುದರಲ್ಲಿ ಅವಳ ಕುತ್ತಿಗೆ ನೋಯುತ್ತಿತ್ತು. 'ಬೇಕಂತಲೇ ಮಾಡ್ತಾನೆ... ನಾನು ಸಾಕಾಗಿ ಬಿಟ್ಟು ಹೋಗಲಿ ಅಂತ!'

ಅಷ್ಟು ಸಾಲದು ಎನ್ನುವ ಹಾಗೆ ಸಂಜೆ ಬಂದವನು ಗಾಡಿ ನಿಂತಿರುವುದನ್ನೊಮ್ಮೆ ನೋಡುತ್ತಿದ್ದ, ಅವಳನ್ನೊಮ್ಮೆ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಕೇಳುತ್ತಿದ್ದ.

"ನಾಳೆ ಬರ್ತೀರಾ ತಾನೇ?"

"ಬರ್ತೀನಿ! ಯಾಕೆ, ಬರದೇ ಇದ್ರೆ ಹಬ್ಬ ಮಾಡೋಣ ಅಂತಿದ್ರಾ?"

ಅವನು ನಕ್ಕು ಗಾಡಿ ಹತ್ತುತ್ತಿದ್ದ. ಆ ನಗು ಕಂಡರೆ ಅವಳಿಗೆ ಮೈಯೆಲ್ಲ ಉರಿ.

ಆದರೆ ನೋಡಿ, ಒಂದು ಬೆಳಿಗ್ಗೆ ಅವಳು ಸೀಟು ಮುಂದಕ್ಕೆಳೆಯಲು ಬಗ್ಗಿದರೆ... ಅದು ಆಗಲೇ ಅವಳ ಅಳತೆಗೆ ಬಂದಿತ್ತು! ಕನ್ನಡಿಗಳೂ ಅವಳ ಕಣ್ಣಿನ ಎತ್ತರಕ್ಕೇ ಇದ್ದವು.

"ಇದೇನು ಹೊಸದು?" ಎಂದಳು ಕಿಟಕಿಯಿಂದ ತಲೆ ಹಾಕಿ.

"ನೀವು ಓಡಿಸ್ತಾ ಓಡಿಸ್ತಾ ಕನ್ನಡಿ ಸರಿ ಮಾಡ್ಕೊಳ್ತೀರಂತೆ. ಅದಕ್ಕೆ ಕ್ಯಾಮರಾ ಅಂಕ ಕಳೀತಿದೆಯಂತೆ. ನಿಮ್ಮ ದೊಡ್ಡಮ್ಮ ಹೇಳಿದ್ರು."

"ದೊಡ್ಡಮ್ಮನ ಬಾಯಿಗೆ ಬೀಗ ಹಾಕ್ಬೇಕು!"

ಬೈದಳು, ನಿಜ. ಆದರೆ ಅಂದು ಇಡೀ ದಾರಿ ಅವಳಿಗೆ ತುಟಿಯಂಚಿನಲ್ಲಿ ನಗು ತಡೆಯಲಾಗಲಿಲ್ಲ. ಸಂಜೆ ಇಳಿಯುವ ಮುಂಚೆ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಸೀಟನ್ನು ಅವನಿಗೆ ಬೇಕಾದಷ್ಟು ಹಿಂದಕ್ಕೆ ತಳ್ಳಿಯೇ ಇಳಿದಳು.

ಆಮೇಲೆ ಬೀಗದ ಕೈ ಬದಲಾಗಲು ಹೊತ್ತು ಹಿಡಿಯತೊಡಗಿತು. ಒಂದು ಲೋಟ ಟೀ ಆಗುವಷ್ಟು. ಎರಡು ಲೋಟ ಆಗುವಷ್ಟು...

"ಅವನು ನಿನ್ನ ನೋಡೋ ನೋಟ ನೋಡಿದೀಯೇನೇ?" ಎಂದಳು ದೊಡ್ಡಮ್ಮ ಒಂದು ದಿನ.

"ನನಗೆ ರಸ್ತೆ ನೋಡೋಕೇ ಪುರುಸೊತ್ತಿಲ್ಲ ದೊಡ್ಡಮ್ಮಾ."

"ಹೌದೌದು. ಅದಕ್ಕೇ ಖಾಲಿ ಲೋಟದಲ್ಲಿ ಟೀ ಕುಡೀತಾ ಕೂತಿದೀಯ."

ಅವಳು ಲೋಟ ನೋಡಿಕೊಂಡಳು. ನಿಜವಾಗಿಯೂ ಖಾಲಿಯಾಗಿತ್ತು! ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಸುಖ ಅನ್ನೋದು ಈ ಯಾರ್ಡಿನಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಮ್ಯಾನೇಜರು ಎಲ್ಲರನ್ನೂ ಸೇರಿಸಿ ಹೇಳಿದರು.

"ತಿಂಗಳ ಕೊನೆಗೆ ರಾತ್ರಿ ಪಾಳಿ ನಿಲ್ಲುತ್ತೆ. ಇನ್ಮೇಲೆ ಒಂದು ಗಾಡಿಗೆ ಒಬ್ಬರೇ. ಜೋಡಿಯಲ್ಲಿ ಯಾರು ಉಳೀತಾರೆ, ಯಾರು ಹೋಗ್ತಾರೆ ಅಂತ ಅಂಕ ನೋಡಿ ಸೋಮವಾರ ಹೇಳ್ತೀವಿ."

ಅವನ ಅಂಕ ಮೇಲೆ, ಅವಳ ಅಂಕ ಕೆಳಗೆ. ಯಾರಿಗೆ ಗೊತ್ತಿಲ್ಲ?

ಮಾರನೆಯ ಬೆಳಿಗ್ಗೆ ಹಾಡಿನ ಅಣ್ಣ ಅವಳನ್ನು ಪಕ್ಕಕ್ಕೆ ಕರೆದರು. "ಬೇಜಾರು ಮಾಡ್ಕೋಬೇಡ ಕಣಮ್ಮ. ಕಂಬ ಮ್ಯಾನೇಜರ್ ರೂಮಿನಲ್ಲಿ ಬಾಗಿಲು ಹಾಕ್ಕೊಂಡು ಕೂತಿದಾನೆ. ಎಷ್ಟಂದ್ರೂ ಹೊಸ ಕಂಪನಿ ಕಡೆಯಿಂದ ಬಂದವನು..."

ಅವಳು ಬಾಗಿಲಿನ ಹೊರಗೇ ಹೋಗಿ ನಿಂತಳು. ಅವನು ಹೊರಗೆ ಬಂದ. ಅವಳನ್ನು ಕಂಡದ್ದೇ ಮುಖ ತಗ್ಗಿಸಿದ!

"ಒಳಗೆ ಹೋಗಿ ನನ್ನ ಸೀಟು ಕೇಳ್ಕೊಂಡು ಬಂದ್ರಾ?"

"ಕೇಳಿದ್ದು ಸೀಟಿನ ವಿಷಯಾನೇ," ಎಂದ ಅವನು.

"ಕನ್ನಡಿ ಸರಿ ಮಾಡಿಟ್ಟಿದ್ದೇ ಇದಕ್ಕಾ? ಬೆಣ್ಣೆ ಹಚ್ಚಿ ಬೆನ್ನಿಗೆ ಚೂರಿ ಹಾಕೋಕಾ? ಇನ್ನು ನನ್ನ ಹತ್ರ ಮಾತಾಡ್ಬೇಡಿ. ಒಂದೇ ಒಂದು ಮಾತೂ ಬೇಡ!"

ಅವನು ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟು ಹೋದ. ಸಂಜೆಯೂ ಮಾತಿಲ್ಲ. "ನಾಳೆ ಬರ್ತೀರಾ ತಾನೇ" ಅನ್ನೋ ಆ ಒಂದು ಪ್ರಶ್ನೆಯೂ ಇಲ್ಲ. ಬೇಡ ಎಂದವಳು ತಾನೇ. ಆದರೂ ಅದು ಕೇಳಿಸದೆ ಅವಳಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. 'ಥೂ, ಇದೆಂಥ ಹುಚ್ಚು ನನಗೆ!' ಎಂದು ತನ್ನನ್ನು ತಾನೇ ಬೈದುಕೊಂಡಳು.

ಬೆಳಿಗ್ಗೆ ಯಾರ್ಡಿಗೆ ಬಂದರೆ ಆಶ್ಚರ್ಯ! ಲಾರಿಯ ಮೂತಿ ಗೇಟಿನ ಕಡೆಗಿತ್ತು.

ಇಷ್ಟು ದಿನದಲ್ಲಿ ಇದೇ ಮೊದಲು. ಬೀಗದ ಕೈ ದೊಡ್ಡಮ್ಮನ ಅಂಗಡಿಯಲ್ಲಿತ್ತು. ಅವನು ಎಲ್ಲೂ ಕಾಣಲಿಲ್ಲ. 'ಅಂತೂ ಮರ್ಯಾದೆ ಕಲಿತ,' ಎಂದುಕೊಂಡಳು. 'ತಪ್ಪಾಯ್ತು ಅಂತ ಹೀಗೆ ಹೇಳ್ತಿದಾನೋ ಏನೋ...' ಸಿಟ್ಟೆಲ್ಲ ಅರ್ಧಕ್ಕರ್ಧ ಇಳಿದುಹೋಯಿತು.

ಹೊಸ ಕಂಪನಿಯಿಂದ ಕಂಬನ ಜೊತೆಗೇ ಬಂದಿದ್ದ ಇನ್ನೊಬ್ಬ ಡ್ರೈವರ್ ಆ ದಾರಿಯಲ್ಲಿ ಬಂದವನು ಲಾರಿ ನೋಡಿ ಗಕ್ಕನೆ ನಿಂತ. ತಲೆಯ ಮೇಲಿನ ಟೋಪಿ ತೆಗೆದ.

"ಅಯ್ಯೋ... ಇವನೂ ಹೋಗಿಬಿಟ್ನಾ?"

"ಎಲ್ಲಿಗೆ ಹೋದ್ರು? ಯಾಕೆ ಟೋಪಿ ತೆಗೀತೀರಿ?"

"ಮೂತಿ ಗೇಟಿಗೆ ಇದೆಯಲ್ಲಮ್ಮ. ನಮ್ಮ ಕಡೆ ದಿನಾ ಗೋಡೆಗೇ ನಿಲ್ಲಿಸೋದು. ಕೆಲಸ ಬಿಡೋ ದಿನ ಮಾತ್ರ ಮೂತಿ ಗೇಟಿಗೆ ಮಾಡಿ, ಬೀಗದ ಕೈ ಇಟ್ಟು ಹೋಗ್ತೀವಿ. ಹಾಗೆ ಹೋದವರನ್ನ ಯಾಕೆ ಅಂತ ಯಾರೂ ಕೇಳಬಾರದು, ಅದೊಂದು ಪದ್ಧತಿ."

ಅವಳು ಲಾರಿಯ ಬಾಗಿಲು ಹಿಡಿದುಕೊಂಡಳು.

ಹಾಗಾದರೆ... ದಿನಾ ಸಂಜೆ ತಾನು ಮೂತಿಯನ್ನು ಗೇಟಿಗೆ ಮಾಡಿ ಕೀ ಕೊಡುತ್ತಿದ್ದಾಗ... ಅದಕ್ಕೇ ಅವನು ಗಾಡಿಯನ್ನೊಮ್ಮೆ, ತನ್ನನ್ನೊಮ್ಮೆ ಹಾಗೆ ನೋಡುತ್ತಿದ್ದದ್ದು! ಅದಕ್ಕೇ ಆ ಪ್ರಶ್ನೆ! ತನ್ನನ್ನು ಓಡಿಸಲು ಕೇಳಿದ್ದಲ್ಲ ಅದು...

"ಈಗ ಎಲ್ಲಿದಾರೆ ಅವರು?"

"ಬಸ್ ಸ್ಟ್ಯಾಂಡ್ ಕಡೆ ಹೋಗ್ತಿದ್ದ. ಅಕ್ಕನ ಊರಿಗೆ ಅಂದ, ಸುಮ್ಮನೆ ನೋಡ್ಕೊಂಡು ಬರೋಕೆ ಅಂದ್ಕೊಂಡಿದ್ದೆ."

ಯಾಕೆ ಹೋಗುತ್ತಿದ್ದಾನೆ ಎಂದು ಅವಳಿಗೆ ಇನ್ನೊಬ್ಬರು ಬಿಡಿಸಿ ಹೇಳಬೇಕಾಗಿರಲಿಲ್ಲ. ಇಬ್ಬರಲ್ಲಿ ಒಬ್ಬರು ಹೋಗಬೇಕಿತ್ತು. ಹೋಗಬೇಕಾದವಳು ತಾನು. ಅಳು ಉಕ್ಕಿ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. 'ನನ್ನ ಸೀಟಿನ ವಿಷಯ ತೀರ್ಮಾನ ಮಾಡೋಕೆ ಇವನ್ಯಾರು? ನನ್ನ ಒಂದು ಮಾತು ಕೇಳಿದ್ನಾ?'

ಲಾರಿ ಸ್ಟಾರ್ಟ್ ಮಾಡಿದಳು. ಎಡಕ್ಕೆ ಹೋದರೆ ಲೋಡು, ಬಲಕ್ಕೆ ಹೋದರೆ ಬಸ್ ಸ್ಟ್ಯಾಂಡು. ಬಲಕ್ಕೆ ತಿರುಗಿಸಿದಳು!

"ನೀವು ದಾರಿ ತಪ್ಪಿದ್ದೀರಿ," ಎಂದಿತು ಕ್ಯಾಮರಾ.

"ಬಾಯ್ಮುಚ್ಚು!"

"ನಿಮ್ಮ ಅಂಕ ಕಡಿತವಾಗಿದೆ."

"ಕಡಿ! ಎಲ್ಲಾ ಕಡಿ!"

ಫೋನು ಬಡಿದುಕೊಳ್ಳತೊಡಗಿತು. ಮ್ಯಾನೇಜರು. ಅವಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ಬಸ್ಸು ಹೊರಟುಬಿಟ್ಟಿದ್ದರೆ? ಯಾವ ಊರು ಅಂತಲೂ ಗೊತ್ತಿಲ್ಲ.

ಅವನು ಬಸ್ ಸ್ಟ್ಯಾಂಡಿನ ಬಾಗಿಲಲ್ಲೇ ಇದ್ದ, ಹೆಗಲಿಗೆ ಒಂದು ಚೀಲ. ಅಷ್ಟು ದೊಡ್ಡ ಲಾರಿ ಬಸ್ಸುಗಳ ದಾರಿಗೇ ಅಡ್ಡ ನಿಂತದ್ದನ್ನು ಕಂಡು ಓಡಿ ಬಂದ.

"ಏನ್ರೀ ಇದು? ಅಂಕ ಹೋಗುತ್ತೆ! ಮೊದಲು ಗಾಡಿ ತಿರುಗಿಸಿ!"

"ನೀವು ಹೇಳಿದ ಹಾಗೆ ಕೇಳೋಕೆ ನಾನೇನು ನಿಮ್ಮ ಕ್ಯಾಮರಾನಾ?" ಅವಳು ಧುಮುಕಿ ಎದುರಿಗೆ ಬಂದು ನಿಂತಳು. ಕಣ್ಣು ತುಂಬಿ ತುಳುಕುತ್ತಿದ್ದವು. "ನಿಮ್ಮ ದಾನ ನನಗೆ ಬೇಡ. ದಿನಾ ನಾಳೆ ಬರ್ತೀರಾ ಅಂತ ಕೇಳ್ತಿದ್ದೋರು, ಇದನ್ನ ಮಾತ್ರ ಯಾಕೆ ಕೇಳಲಿಲ್ಲ?"

ಅವನು ಚೀಲ ಕೆಳಗಿಟ್ಟ.

"ಮೊದಲ ವಾರ ನಿಜವಾಗ್ಲೂ ಹೆದರಿದ್ದೆ. ಆಮೇಲೆ ಗೊತ್ತಾಯ್ತು, ನಿಮ್ಮ ಕಡೆ ಪದ್ಧತಿ ಬೇರೆ ಅಂತ. ಆದ್ರೂ ಕೇಳೋದು ಬಿಡೋಕಾಗಲಿಲ್ಲ. ಬರ್ತೀನಿ ಅಂತ ನಿಮ್ಮ ಬಾಯಿಂದ ಕೇಳಿದ್ರೆ... ಅವತ್ತಿನ ರಾತ್ರಿ ಬೇಗ ಕಳೀತಿತ್ತು."

"ಮತ್ತೆ ಮ್ಯಾನೇಜರ್ ರೂಮಿಗೆ ಹೋಗಿದ್ದು?" ಎಂದಳು ಅವಳು.

"ಮ್ಯಾನೇಜರ್ ಹತ್ರ ಹೋಗಿದ್ದು ಇಬ್ಬರನ್ನೂ ಉಳಿಸ್ಕೊಳ್ಳಿ ಅಂತ ಕೇಳೋಕೆ," ಎಂದ ಅವನು. "ದೂರದ ರೂಟೊಂದಿದೆ. ಒಬ್ಬರು ಓಡಿಸುವಾಗ ಒಬ್ಬರು ಹಿಂದೆ ಮಲಗಬೇಕು, ಜೋಡಿಯಾಗೇ ಹೋಗಬೇಕು. ಅದಕ್ಕೆ ಜನ ಸಿಗ್ತಿಲ್ಲ. ನಮ್ಮಿಬ್ಬರಿಗೆ ಕೊಡಿ ಅಂದೆ. ಗಂಡು ಹೆಣ್ಣು ಅಂದ್ರೆ ಗಂಡ ಹೆಂಡತೀನೇ ಆಗಿರ್ಬೇಕು, ಕಂಪನಿ ರೂಲು ಅಂದ್ರು."

"ಅದನ್ನ ನನಗೆ ಹೇಳೋಕೆ ಏನಾಗಿತ್ತು?"

"ಏನಂತ ಹೇಳ್ಲಿ? ಸೀಟು ಉಳೀಬೇಕಾದ್ರೆ ನನ್ನ ಮದುವೆ ಆಗಿ ಅಂತಲಾ? ನಿಮಗೆ ಆ ಸೀಟು ಅಂದ್ರೆ ಪ್ರಾಣ. ನೀವು ಹೂಂ ಅಂದ್ರೂ ಅದು ಸೀಟಿಗೋ ನನಗೋ ಅಂತ ನನಗೆ ಜನ್ಮದಲ್ಲಿ ಗೊತ್ತಾಗ್ತಿರಲಿಲ್ಲ. ಅದಕ್ಕೇ ನಿಮ್ಮ ಹೆಸರು ಉಳಿಸಿ, ನಂದು ತೆಗೀರಿ ಅಂದುಬಿಟ್ಟೆ."

ಹಿಂದೆ ಬಸ್ಸುಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಒಬ್ಬ ಕಂಡಕ್ಟರ್ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ. ಅವಳಿಗೆ ಯಾವುದೂ ಕೇಳಿಸಲಿಲ್ಲ. ಇಷ್ಟು ದಿನದ ಚಡಪಡಿಕೆಯೆಲ್ಲ ಇದ್ದಕ್ಕಿದ್ದಂತೆ ನಿಂತುಹೋಗಿ, ಮನಸ್ಸು ತಿಳಿಯಾಗಿತ್ತು. ಈ ಮನುಷ್ಯ ಬೇಕು. ಅಷ್ಟೇ.

"ಹಾಗಾದ್ರೆ ಈಗ ಸೀಟು ನಂದೇ ತಾನೇ?" ಎಂದಳು ಕಣ್ಣೊರೆಸಿಕೊಂಡು.

"ನಿಮ್ದೇ. ನಿನ್ನೆಯೇ ಆಗಿಹೋಯ್ತು."

"ನೀವು ಹೋದ್ರೂ ನಂದೇ. ಇದ್ರೂ ನಂದೇ. ನಿಮ್ಮಿಂದ ನನಗೆ ಆಗಬೇಕಾದ್ದು ಏನೂ ಇಲ್ಲ."

"ಇಲ್ಲ..." ಎಂದ ಅವನು, ಮುಖ ಸಪ್ಪೆಯಾಗಿ.

"ಅಯ್ಯೋ ಕಂಬವೇ! ಇನ್ನೂ ಅರ್ಥ ಆಗಲಿಲ್ವಾ? ಈಗ ನಾನು ಹೂಂ ಅಂದ್ರೆ ಅದು ಯಾವ ಸೀಟಿಗೂ ಅಲ್ಲ. ಈಗ ಕೇಳಿ."

ಅವನ ಮುಖವೆಲ್ಲ ಅರಳಿತು.

"ನನ್ನ ಮದುವೆ ಆಗ್ತೀರಾ?"

"ಹೂಂ."

ಮತ್ತೆ ಫೋನು ಬಡಿದುಕೊಂಡಿತು. ಈ ಸಲ ಎತ್ತಿದಳು. ಆ ಕಡೆಯಿಂದ ಮ್ಯಾನೇಜರ್ ಅರಚಾಟ ರಸ್ತೆಗೆಲ್ಲ ಕೇಳಿಸುವಂತಿತ್ತು.

"ಬೈದು ಮುಗೀತಾ ಸಾರ್? ದೂರದ ರೂಟಿಗೆ ಜೋಡಿ ಸಿಕ್ತು, ಬರ್ಕೊಳ್ಳಿ. ಮದುವೆ ಮಾಡ್ಕೊಂಡೇ ಬರ್ತೀವಿ, ಅಲ್ಲೀವರೆಗೆ ಆ ರೂಟು ಯಾರಿಗೂ ಕೊಡ್ಬೇಡಿ. ನಮ್ಮ ಹೆಸರು ಒಟ್ಟಿಗೆ ಬರೀರಿ!"

ಫೋನ್ ಇಟ್ಟು ನೋಡಿದರೆ, ಅವನು ಚೀಲ ಎತ್ತಿಕೊಂಡು ಲಾರಿಯ ಆ ಕಡೆಯ ಬಾಗಿಲಲ್ಲಿ ಹಿಂದೆಮುಂದೆ ನೋಡುತ್ತಾ ನಿಂತಿದ್ದ. ಒಂದೇ ಗಾಡಿಯ ಡ್ರೈವರ್‌ಗಳು ಇಬ್ಬರೂ, ಆದರೆ ಒಂದು ದಿನವೂ ಒಟ್ಟಿಗೆ ಅದರಲ್ಲಿ ಕೂತವರಲ್ಲ.

"ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ," ಎಂದ ತುಂಬ ಗಂಭೀರವಾಗಿ. "ನಾನು ಗೊರಕೆ ಹೊಡೀತೀನಿ. ಜೋರಾಗಿ."

"ಹೊಡೀರಿ," ಎಂದಳು ಅವಳು, ಸ್ಟೇರಿಂಗ್ ಹಿಡಿಯುತ್ತಾ. "ನೀವು ಪಕ್ಕದಲ್ಲೇ ಇದೀರ ಅಂತ ನನಗೂ ಗೊತ್ತಾಗ್ತಿರುತ್ತೆ."